ಅವ್ವನ ಮೊಣಕಾಲಿಗೆ ರೋಬೋಟ್ ಬೇಕಾ? ಕಲಬುರಗಿ ಕಡೆಯವರು ಸ್ವಲ್ಪ ಹೇಳಿ

ಸೇಡಂರಸ್ತೆ_ಮಲ್ಲು (ಭಾನುವಾರ, ರಾತ್ರಿ 9.40)

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರಾಗಬೇಡಿ.

ಅವ್ವನಿಗೆ 67 ವರ್ಷ. ಎರಡೂ ಮೊಣಕಾಲು ಸವೆದಿವೆ, ಬಲಗಾಲು ಜಾಸ್ತಿ. ನಾಲ್ಕು ವರ್ಷದಿಂದ ಮುಲಾಮು, ಗುಳಿಗೆ, ಪಟ್ಟಿ, ಇಂಜೆಕ್ಷನ್ ಎಲ್ಲ ಆಯಿತು. ಈಗ ಕೆಳಗೆ ಕುಳಿತರೆ ಏಳೋಕೆ ಇಬ್ಬರು ಬೇಕು. ನಿಂತು ರೊಟ್ಟಿ ಬಡಿದರೆ ಅಂಚು ಹರಿಯುತ್ತೆ ಅನ್ನೋದು ಅವಳ ತಕರಾರು. ನೋವಿನ ಬಗ್ಗೆ ಅಷ್ಟು ಹೇಳಲ್ಲ, ರೊಟ್ಟಿ ಬಗ್ಗೆ ದಿನಾ ಹೇಳುತ್ತಾಳೆ.

ಹೋದ ವಾರ ಹೈದರಾಬಾದಿಗೆ ಕರೆದುಕೊಂಡು ಹೋಗಿದ್ದೆ. ಯಾವ ದವಾಖಾನೆ ಅಂತ ಬೇಡ ಬಿಡಿ. ಡಾಕ್ಟರು ಐದು ನಿಮಿಷ ನೋಡಿ, ಸವೆದ ಕೀಲು ತೆಗೆದು ಕೃತಕ ಕೀಲು ಹಾಕಬೇಕು ಅಂದರು. ಆಮೇಲೆ ಟೈ ಕಟ್ಟಿದ ಹುಡುಗನೊಬ್ಬ ಬಂದು ಅರ್ಧ ಗಂಟೆ ವಿಡಿಯೋ ತೋರಿಸಿದ. ಮಾಮೂಲಿ ಆಪರೇಶನ್ ಬೇಕಾ, ರೋಬೋಟ್ ಬೇಕಾ ಅಂತ ಕೇಳಿದ. ರೋಬೋಟ್ ಆದರೆ ಒಂದು ಕಾಲಿಗೆ ಒಂದೂಕಾಲು ಲಕ್ಷ ಜಾಸ್ತಿ. "ಇದರಲ್ಲಿ ತಪ್ಪೇ ಆಗಲ್ಲ ಸರ್, ಎಲ್ಲ ಮಷೀನೇ ಮಾಡುತ್ತೆ" ಅಂದ.

ಹೊರಗೆ ಬಂದು ಚಹಾ ಕುಡಿಯುವಾಗ ಅವ್ವ ಕೇಳಿದಳು, "ಏ ತಮ್ಮಾ, ಮಷೀನೇ ಕೊಯ್ಯೋದಾದ್ರ ಆ ಡಾಕ್ಟರಿಗಿ ರೊಕ್ಕ ಯಾಕ ಕೊಡಬೇಕು?"

ನನ್ನ ಹತ್ತಿರ ಉತ್ತರ ಇರಲಿಲ್ಲ. ನಿಮ್ಮ ಹತ್ತಿರ ಇದೆಯಾ? ಅಷ್ಟು ದುಡ್ಡಿಗೆ ಅಷ್ಟು ಫರಕ್ ಇದೆಯಾ? ಎರಡು ಎಕರೆ ತೊಗರಿ ದುಡ್ಡು ಕೈಯಲ್ಲಿದೆ. ಸುಮ್ನೆ ಕಳೆಯೋಕೆ ಮನಸ್ಸಿಲ್ಲ. ಅವ್ವನ ವಿಷಯದಲ್ಲಿ ಜಿಪುಣತನ ಮಾಡೋಕೂ ಮನಸ್ಸಿಲ್ಲ.

ಶಹಾಬಾದ್_ಕಲ್ಲು

ಟೈ ಕಟ್ಟಿದವನು ಬಂದಾಗಲೇ ಎದ್ದು ಬರಬೇಕಿತ್ತು.

ಓಟಿ_ಸಿಸ್ಟರ್

ಮಲ್ಲು ಅಣ್ಣಾ, ನಾನು ಆಳಂದ ಕಡೆಯವಳು. ಹೊರರಾಜ್ಯದ ಎರಡು ದೊಡ್ಡ ದವಾಖಾನೆಗಳ ಓಟಿಯಲ್ಲಿ, ಅಂದ್ರೆ ಆಪರೇಶನ್ ಕೋಣೆಯಲ್ಲಿ, ಆರು ವರ್ಷ ಕೆಲಸ ಮಾಡಿ ಈಗ ಊರಿಗೆ ಬಂದಿದ್ದೇನೆ. ಎರಡು ಥರದ ರೋಬೋಟ್ ಪಕ್ಕ ನಿಂತಿದ್ದೇನೆ. ಅವ್ವನ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ, ಯಾಕಂದ್ರೆ ಬಹಳ ಮಂದಿಗೆ ಅದೇ ಅನುಮಾನ.

ಮಷೀನು ತಾನಾಗಿ ಕೊಯ್ಯಲ್ಲ. ಹೊಟ್ಟೆಯ ಆಪರೇಶನ್‌ಗೆ ಬಳಸುವ ದಾ ವಿಂಚಿ ಇದೆಯಲ್ಲ, ಅಮೆರಿಕದಲ್ಲಿ 2000ದಲ್ಲಿ ಒಪ್ಪಿಗೆ ಸಿಕ್ಕಿದ್ದು, ಅದರಲ್ಲಿ ಡಾಕ್ಟರು ರೋಗಿಯಿಂದ ಎರಡು ಮೂರು ಮೀಟರ್ ದೂರ ಒಂದು ಪೆಟ್ಟಿಗೆಯಂಥದ್ದರ ಮುಂದೆ ಕೂರುತ್ತಾರೆ. ಅದರೊಳಗೆ ತಲೆ ಇಟ್ಟು ನೋಡುತ್ತಾರೆ. ಕೈಬೆರಳು ಎರಡು ಹಿಡಿಕೆಯಲ್ಲಿ, ಕಾಲು ಪೆಡಲ್ ಮೇಲೆ. ಅವರ ಬೆರಳು ಹೇಗೆ ತಿರುಗುತ್ತೋ ರೋಗಿಯ ಹೊಟ್ಟೆಯೊಳಗಿನ ಚಿಕ್ಕ ಉಪಕರಣ ಹಾಗೆ ತಿರುಗುತ್ತೆ. ನನಗೆ ಮೊದಲ ದಿನ ಆಶ್ಚರ್ಯ ಆಗಿದ್ದು ಒಂದೇ ವಿಷಯಕ್ಕೆ. ಡಾಕ್ಟರು ಏನೋ ಹೇಳೋಕೆ ಅಂತ ತಲೆ ಹೊರಗೆ ತೆಗೆದರು. ಅಷ್ಟೇ, ನಾಲ್ಕೂ ತೋಳು ಇದ್ದಲ್ಲೇ ನಿಂತವು. ತಲೆ ಒಳಗಿಲ್ಲ ಅಂದ್ರೆ ಅದು ಅಲ್ಲಾಡಲ್ಲ. ಹಾಗೆ ಮಾಡಿಟ್ಟಿದ್ದಾರೆ.

ಮೊಣಕಾಲಿನ ರೋಬೋಟ್ ಬೇರೆ ಜಾತಿ. ಅದರಲ್ಲೂ ಕಂಪನಿಗೊಂದು ಥರ. ನಾನು ನೋಡಿದ್ದು ಮ್ಯಾಕೋ. ಮುಂಚೆ ಕಾಲಿನ ಸಿಟಿ ಸ್ಕ್ಯಾನ್ ಮಾಡಿಸುತ್ತಾರೆ. ಕಂಪ್ಯೂಟರಿನಲ್ಲಿ ಆ ಮೂಳೆಯ ನಕ್ಷೆ ಬರುತ್ತೆ, ಎಲ್ಲಿ ಎಷ್ಟು ಕತ್ತರಿಸಬೇಕು ಅಂತ ಡಾಕ್ಟರು ಅದರ ಮೇಲೆ ಲೆಕ್ಕ ಹಾಕುತ್ತಾರೆ. ಓಟಿಯಲ್ಲಿ ತೊಡೆಮೂಳೆಗೂ ಕೆಳಕಾಲಿನ ಮೂಳೆಗೂ ಪಿನ್ ಹೊಡೆದು ಗುರುತಿನ ಚೆಂಡು ಸಿಕ್ಕಿಸುತ್ತೇವೆ. ಕ್ಯಾಮೆರಾ ಅವನ್ನು ನೋಡುತ್ತಾ ಕಾಲು ಎಲ್ಲಿದೆ ಅಂತ ತಿಳಿದುಕೊಳ್ಳುತ್ತೆ. ಆಮೇಲೆ ಗರಗಸ ಹಿಡಿಯೋದು ಡಾಕ್ಟರೇ. ಗರಗಸ ರೋಬೋಟ್ ತೋಳಿಗೆ ಕಟ್ಟಿರುತ್ತೆ. ನಕ್ಷೆಯ ಗೆರೆ ದಾಟೋಕೆ ಹೋದರೆ ತೋಳು ಬಿಗಿಯಾಗುತ್ತೆ, ಮುಂದೆ ಬಿಡಲ್ಲ. ನಮ್ಮ ಕೈ ಯಾರೋ ಹಿಡಿದಂತೆ.

ಸವೆದ ಜಾಗಕ್ಕೆ ಕೃತಕ ಚಿಪ್ಪು ಕೂರಿಸೋದು, ಸ್ನಾಯು ಬಿಗಿ ಸಡಿಲ ನೋಡೋದು, ಹೊಲಿಯೋದು ಎಲ್ಲ ಕೈಯದೇ ಕೆಲಸ. ಆ ಹುಡುಗ ಹೇಳಿದ "ಎಲ್ಲ ಮಷೀನೇ" ಅನ್ನೋದು ಸುಳ್ಳು.

ಬಿದರಿಕುಸುರಿ

ಬೀದರಿನಿಂದ. ಸಿಸ್ಟರ್ ಹೇಳಿದ ಮೊದಲನೇ ಜಾತಿಯ ಮಷೀನಿನ ಗಿರಾಕಿ ನಮ್ಮ ಅಪ್ಪಾಜಿ. ಮೂತ್ರಪಿಂಡದ ಮೇಲೆ ನಿಂಬೆಹಣ್ಣಿಗಿಂತ ಸ್ವಲ್ಪ ಚಿಕ್ಕ ಗಡ್ಡೆ. ಇಡೀ ಕಿಡ್ನಿ ತೆಗೆಯದೆ ಗಡ್ಡೆಯಷ್ಟೇ ತೆಗೆಯೋಕೆ ರೋಬೋಟ್ ಒಳ್ಳೆಯದು ಅಂದರು.

ನಮ್ಮದು ಬಿದರಿ ಕೆಲಸದ ಮನೆ. ಅಪ್ಪಾಜಿ ನಲವತ್ತು ವರ್ಷ ಅದನ್ನೇ ಮಾಡಿದವರು. ಸತು, ತಾಮ್ರ ಸೇರಿಸಿ ಎರಕ ಹೊಯ್ದ ಪಾತ್ರೆಗೆ ಮೈಲುತುತ್ತ ಹಚ್ಚಿ ಕಪ್ಪು ಮಾಡಿ, ಸೂಜಿಯಿಂದ ಬಳ್ಳಿ ಗೀರಿ, ಉಳಿಯಿಂದ ಕೂದಲಷ್ಟು ಕಾಲುವೆ ತೋಡಿ, ಅದರಲ್ಲಿ ಬೆಳ್ಳಿ ತಂತಿ ಕೂರಿಸಿ ಬಡಿಯಬೇಕು. ಕೊನೆಗೆ ಕೋಟೆಯ ಮಣ್ಣು, ನವಸಾಗರ ಹಾಕಿ ಕಾಯಿಸಿದರೆ ಸತು ಗಾಢ ಕಪ್ಪಾಗುತ್ತೆ, ಬೆಳ್ಳಿ ಹಾಗೇ ಉಳಿಯುತ್ತೆ. ಅರವತ್ತು ದಾಟಿದ ಮೇಲೆ ಅವರ ಕೈ ನಡುಗೋಕೆ ಶುರುವಾಯಿತು. ಉಳಿ ಬಿಟ್ಟರು. ಈಗ ತಮ್ಮಂದಿರ ಕೆಲಸದಲ್ಲಿ ತಪ್ಪು ಹುಡುಕುತ್ತಾರೆ.

ಆಪರೇಶನ್‌ಗೆ ಮುಂಚೆ ಡಾಕ್ಟರ ಹತ್ತಿರ ಅವರು ಕೇಳಿದ್ದು ಕಾಯಿಲೆ ಬಗ್ಗೆ ಅಲ್ಲ. "ಸಾಹೇಬ್ರ, ನಿಮ್ಮ ಕೈ ನಡುಗ್ತದೇನು?" ಅಂತ. ನನಗೆ ನಾಚಿಕೆ. ಡಾಕ್ಟರು ನಕ್ಕು, ಎಲ್ಲರ ಕೈಯೂ ಚೂರು ನಡುಗುತ್ತೆ, ಈ ಯಂತ್ರ ಆ ನಡುಕವನ್ನು ಸೋಸಿ ಬಿಡುತ್ತೆ ಅಂದರು. ನನ್ನ ಕೈ 3 ಸೆಂ.ಮೀ. ಸರಿದರೆ ಒಳಗೆ ಚಿಮಟ 1 ಸೆಂ.ಮೀ. ಮಾತ್ರ ಸರಿಯುವಂತೆ ಇಟ್ಟುಕೊಳ್ಳಬಹುದು, ಒಳಗಿನದು 10 ಪಟ್ಟು ದೊಡ್ಡದಾಗಿ, ಆಳ ಸಮೇತ ಕಾಣುತ್ತೆ ಅಂದರು. ಗಡ್ಡೆ ತೆಗೆಯುವಾಗ ಕಿಡ್ನಿಗೆ ಹೋಗುವ ರಕ್ತವನ್ನು ಕ್ಲಿಪ್ ಹಾಕಿ ನಿಲ್ಲಿಸುತ್ತಾರಂತೆ. ಅರ್ಧ ಗಂಟೆಯೊಳಗೆ ಕತ್ತರಿಸಿ, ಹೊಲಿದು, ಕ್ಲಿಪ್ ಬಿಡಬೇಕು. ತಡವಾದಷ್ಟೂ ಕಿಡ್ನಿಗೆ ಪೆಟ್ಟು. ಚಿಕ್ಕ ರಂಧ್ರದಿಂದ ಮಾಡುವ ಮಾಮೂಲಿ ಲ್ಯಾಪ್ರೋಸ್ಕೋಪಿಯ ಉದ್ದ ಕಡ್ಡಿಯಂಥ ಉಪಕರಣದಲ್ಲಿ ಅಷ್ಟು ಬೇಗ ಒಳಗೆ ಹೊಲಿಯೋದು ಕಷ್ಟ. ರೋಬೋಟ್ ಉಪಕರಣಕ್ಕೆ ತುದಿಯಲ್ಲಿ ಮಣಿಕಟ್ಟು ಇದೆ, ಅದು ಬಗ್ಗುತ್ತೆ.

ಅಪ್ಪಾಜಿ ಪೂರ್ತಿ ಕೇಳಿ "ಆತು, ಮಾಡ್ರಿ" ಅಂದರು. ಮೂರನೇ ದಿನ ಮನೆಗೆ ಬಂದೆವು. ಆದ್ದರಿಂದ ಮಷೀನನ್ನು ನಾನು ಬೈಯಲ್ಲ. ಆದರೆ ಮೊಣಕಾಲಿಗೂ ಇದೇ ಲೆಕ್ಕ ಹತ್ತುತ್ತಾ ಅಂತ ಕೇಳಿದರೆ ನಾನು ಹೇಳೋನಲ್ಲ.

ಶಹಾಬಾದ್_ಕಲ್ಲು

ಅಪ್ಪಾಜಿಯವರ ಪ್ರಶ್ನೆಗೆ ನನ್ನ ಸಲಾಮ್. ಟೈ ಹುಡುಗನಿಗೆ ಅದನ್ನೇ ಕೇಳಬೇಕಿತ್ತು.

ವೈರ್‌ಬಿಚ್ಚುವವ

ದವಾಖಾನೆ ಮಷೀನ್ ರಿಪೇರಿ ನನ್ನ ಹೊಟ್ಟೆಪಾಡು. ದುಡ್ಡು ಯಾಕೆ ಜಾಸ್ತಿ ಅಂತ ಯಾರೂ ಹೇಳಿಲ್ಲ, ನಾನು ಹೇಳುತ್ತೇನೆ.

ದಾ ವಿಂಚಿಯಂಥ ಮಷೀನಿನ ಬೆಲೆ ಹತ್ತು ಕೋಟಿ ದಾಟುತ್ತದೆ. ವರ್ಷಾವರ್ಷ ಸರ್ವಿಸ್ ಕರಾರಿನ ದುಡ್ಡು ಬೇರೆ. ಇನ್ನೊಂದು ಮಜಾ ಕೇಳಿ. ತೋಳಿನ ತುದಿಗೆ ಹಾಕುವ ಕತ್ತರಿ, ಚಿಮಟಗಳಲ್ಲಿ ಒಂದು ಚಿಪ್ ಇರುತ್ತೆ. ಎಷ್ಟು ಸಲ ಬಳಸಿದ್ದೀರಿ ಅಂತ ಅದು ಎಣಿಸುತ್ತೆ. ಮೊದಲು ಬಹಳಷ್ಟು ಉಪಕರಣಗಳಿಗೆ 10 ಸಲ ಅಷ್ಟೇ ಆಯಸ್ಸು. ಈಗ ಕೆಲವಕ್ಕೆ 12ರಿಂದ 18 ಸಲ ಮಾಡಿದ್ದಾರೆ. ಲೆಕ್ಕ ಮುಗಿಯಿತು ಅಂದ್ರೆ ಕತ್ತರಿ ಹೊಸದರಂತೆ ಫಳಫಳ ಇದ್ದರೂ ಮಷೀನು ಒಪ್ಪಲ್ಲ. ನಮ್ಮ ಕಡೆ ಕುಡುಗೋಲು ಹತ್ತು ರಾಶಿ ಮಾಡಿದ ಮೇಲೆ ತಾನಾಗೇ ಮೊಂಡಾಗಿ ಕೂತರೆ ರೈತರು ಏನು ಅಂದಾರು!

ಮೊಣಕಾಲಿನ ಮಷೀನು ಇದಕ್ಕಿಂತ ಅಗ್ಗ. ಆದರೂ ಕೋಟಿಗಳ ಮಾತೇ. ಪ್ರತಿ ಆಪರೇಶನ್‌ಗೂ ಬಿಸಾಡುವ ಸಾಮಾನು ಇರುತ್ತೆ. ಆ ದುಡ್ಡು ಎತ್ತಬೇಕಲ್ಲ, ಅದಕ್ಕೇ ಟೈ ಕಟ್ಟಿದ ಹುಡುಗ. ಅವನದೂ ತಪ್ಪಲ್ಲ ಪಾಪ, ತಿಂಗಳಿಗೆ ಇಷ್ಟು ಕೇಸು ಅಂತ ಅವನ ತಲೆ ಮೇಲೂ ಯಾರೋ ಕೂತಿರುತ್ತಾರೆ.

ಇತಿಹಾಸ ಒಂಚೂರು. 1985ರಲ್ಲಿ ಅಮೆರಿಕದಲ್ಲಿ ಮೆದುಳಿನಿಂದ ಚೂರು ತೆಗೆದು ಪರೀಕ್ಷೆ ಮಾಡೋಕೆ ಸೂಜಿಯ ದಾರಿ ತೋರಿಸಿದ ಪ್ಯೂಮಾ 560 ಅನ್ನೋದು ಖರೇ ಅಂದ್ರೆ ಕಾರ್ಖಾನೆಗೆ ಮಾಡಿದ ತೋಳು. 1992ರಲ್ಲಿ ರೋಬೋಡಾಕ್ ಬಂತು. ಅದು ಸೊಂಟದ ಕೀಲಿನ ಆಪರೇಶನ್‌ನಲ್ಲಿ ತೊಡೆಮೂಳೆಯ ಒಳಗೆ ತಾನೇ ಕೊರೆಯುತ್ತಿತ್ತು. ಮಲ್ಲು ಅವರ ಅವ್ವ ಅಂದುಕೊಂಡ ಮಷೀನು ಅಂದ್ರೆ ಅದೇ. ಜರ್ಮನಿಯಲ್ಲಿ ಬಹಳ ಬಳಸಿದರು. ಆಮೇಲೆ ಸ್ನಾಯುವಿಗೆ ಪೆಟ್ಟಾಯಿತು ಅಂತ ರೋಗಿಗಳು ಕೋರ್ಟಿಗೆ ಹೋದರು. ಅಲ್ಲಿಂದಾಚೆ ಬಂದ ಮೊಣಕಾಲಿನ ಮಷೀನುಗಳಲ್ಲಿ ಹೆಚ್ಚಿನವು ಡಾಕ್ಟರ ಕೈಗೇ ಹಿಡಿಕೆ ಕೊಟ್ಟಿವೆ.

ನಮ್ಮ ದೇಶದ್ದೂ ಒಂದಿದೆ, ಎಸ್‌ಎಸ್‌ಐ ಮಂತ್ರ, ಗುರುಗ್ರಾಮದ್ದು. ಹೊರಗಿನದಕ್ಕಿಂತ ಬೆಲೆ ಕಮ್ಮಿ. ಪೈಪೋಟಿ ಬಂದರೆ ಎಲ್ಲರದ್ದೂ ಇಳಿಯುತ್ತೆ ಅನ್ನೋ ಆಸೆ ನನಗಿದೆ.

ಪಿಜಿ_ಹುಡುಗ

ನಾನು ಸರ್ಜರಿ ಓದುತ್ತಿರುವವನು. ಯಾವ ಕಾಲೇಜು ಅಂತ ಹೇಳಿದರೆ ನಮ್ಮ ಸರ್ ಇಲ್ಲಿಗೂ ಬಂದು ಬೈಯುತ್ತಾರೆ.

ಫರಕ್ ಇದೆಯಾ ಅನ್ನೋದಕ್ಕೆ ಒಂದೇ ಉತ್ತರ ಇಲ್ಲ, ಆಪರೇಶನ್ ಯಾವುದು ಅನ್ನೋದರ ಮೇಲೆ ಹೋಗುತ್ತೆ. ಪ್ರಾಸ್ಟೇಟ್ ಕ್ಯಾನ್ಸರ್ ತೊಗೊಳ್ಳಿ. ಆಸ್ಟ್ರೇಲಿಯಾದಲ್ಲಿ ಅರ್ಧ ಮಂದಿಗೆ ರೋಬೋಟ್, ಅರ್ಧ ಮಂದಿಗೆ ಹೊಟ್ಟೆ ಕೊಯ್ದು ಕೈಯಿಂದ ಮಾಡಿ ಹೋಲಿಸಿದರು. 2016ರಲ್ಲಿ ಲ್ಯಾನ್ಸೆಟ್ ಅನ್ನೋ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ರೋಬೋಟ್‌ನವರಿಗೆ ರಕ್ತ ಕಮ್ಮಿ ಹೋಯಿತು, ಬೇಗ ಮನೆಗೆ ಹೋದರು. ಆದರೆ 12 ವಾರದ ಮೇಲೆ ಮೂತ್ರದ ಹಿಡಿತ ನೋಡಿದರೆ ಇಬ್ಬರದೂ ಹೆಚ್ಚುಕಡಿಮೆ ಒಂದೇ. ಅಲ್ಲಿ ಇಬ್ಬರೇ ಸರ್ಜನ್, ಒಬ್ಬೊಬ್ಬರು ಒಂದೊಂದು ವಿಧಾನ. ಅದನ್ನೂ ತಲೆಯಲ್ಲಿ ಇಟ್ಟುಕೊಳ್ಳಬೇಕು. 2017ರಲ್ಲಿ ಗುದನಾಳದ ಕ್ಯಾನ್ಸರಿಗೆ 471 ರೋಗಿಗಳ ಮೇಲೆ ಇನ್ನೊಂದು ನೋಡಿದರು. ರೋಬೋಟ್‌ಗೂ ಮಾಮೂಲಿ ಲ್ಯಾಪ್ರೋಸ್ಕೋಪಿಗೂ, ಅರ್ಧದಲ್ಲಿ ಬಿಟ್ಟು ಹೊಟ್ಟೆ ತೆರೆಯಬೇಕಾಗಿ ಬಂದ ಲೆಕ್ಕದಲ್ಲಿ ಹೇಳಿಕೊಳ್ಳುವ ಫರಕ್ ಸಿಗಲಿಲ್ಲ.

ಮೊಣಕಾಲಿನಲ್ಲಿ ಮೂಳೆ ಕತ್ತರಿಸುವ ಕೋನ ರೋಬೋಟ್‌ನಿಂದ ಹೆಚ್ಚು ಕರಾರುವಾಕ್ಕಾಗಿ ಬರುತ್ತೆ, ಅದು ಖರೇ. ಎಕ್ಸ್‌ರೇಯಲ್ಲಿ ಚಂದ ಕಾಣುತ್ತೆ. ಆದರೆ ಕೆಲವು ವರ್ಷದ ಮೇಲೆ ರೋಗಿ ಎಷ್ಟು ಚೆನ್ನಾಗಿ ನಡೆಯುತ್ತಾರೆ, ನೋವು ಎಷ್ಟು ಅಂತ ಕೇಳಿದರೆ ದೊಡ್ಡ ಅಂತರ ಕಾಣುತ್ತಿಲ್ಲ. ಒಳ್ಳೆ ಕೈ ಇರುವ ಸರ್ಜನ್ ಮಾಮೂಲಿ ವಿಧಾನದಲ್ಲೂ ಚೆನ್ನಾಗಿಯೇ ಮಾಡುತ್ತಾರೆ. ಹೊಸಬರು ರೋಬೋಟ್ ಹಿಡಿದ ಮಾತ್ರಕ್ಕೆ ಹಳಬರಾಗಲ್ಲ.

ಇನ್ನೊಂದು ಮುಖ್ಯ ವಿಷಯ, ನಮ್ಮ ಕಡೆ ಹೆಂಗಸರಿಗೆ ಬಹಳ ಬರುವ ಗರ್ಭಕೊರಳಿನ ಕ್ಯಾನ್ಸರ್. ಚಿಕ್ಕ ರಂಧ್ರದ ಆಪರೇಶನ್ ಅಂದ್ರೆ ಎಲ್ಲದಕ್ಕೂ ಒಳ್ಳೆಯದು ಅಂತ ತಿಳಿಯಬೇಡಿ. 2018ರಲ್ಲಿ ಬಂದ ಒಂದು ದೊಡ್ಡ ಪರೀಕ್ಷೆಯಲ್ಲಿ, ಹೊಟ್ಟೆ ತೆರೆದು ಆಪರೇಶನ್ ಮಾಡಿಸಿಕೊಂಡವರಲ್ಲಿ ನಾಲ್ಕೂವರೆ ವರ್ಷದ ಮೇಲೆ ಶೇ. 96.5 ಮಂದಿ ಕಾಯಿಲೆ ಮರಳದೆ ಇದ್ದರು. ಲ್ಯಾಪ್ರೋಸ್ಕೋಪಿ, ರೋಬೋಟ್ ಗುಂಪಿನಲ್ಲಿ ಅದು ಶೇ. 86. ಮುಂದಿನ ವರ್ಷ ಔಷಧ, ಉಪಕರಣಗಳಿಗೆ ಒಪ್ಪಿಗೆ ಕೊಡುವ ಅಮೆರಿಕದ ಸಂಸ್ಥೆ ಎಫ್‌ಡಿಎ ಕೂಡ ಸ್ತನ ಮತ್ತು ಗರ್ಭಕೊರಳಿನ ಕ್ಯಾನ್ಸರಿಗೆ ರೋಬೋಟ್ ಬಳಸುವಾಗ ಹುಷಾರು ಅಂತ ಎಚ್ಚರಿಸಿತು.

ಹುಮನಾಬಾದ್_ಅಕ್ಕ

ಪಿಜಿ ತಮ್ಮಾ, ಇದನ್ನು ಓದಿ ಎದೆ ಧಸಕ್ ಅಂತು. ನಾಲ್ಕು ವರ್ಷದ ಹಿಂದೆ ನಮ್ಮ ಚಿಗವ್ವನಿಗೆ ಇದೇ ಕಾಯಿಲೆ. ಶುರುವಿನಲ್ಲೇ ಗೊತ್ತಾಗಿತ್ತು. ನಾನು ಮೊಬೈಲಿನಲ್ಲಿ ಓದಿ ಓದಿ, ರೋಬೋಟೇ ಬೇಕು, ದುಡ್ಡು ಎಷ್ಟಾದರೂ ಆಗಲಿ ಅಂತ ಹಠ ಹಿಡಿದಿದ್ದೆ. ಡಾಕ್ಟರಮ್ಮ ಬೇಡ ಅಂದರು. ನಿಮ್ಮ ಕೇಸಿಗೆ ಹೊಟ್ಟೆ ತೆರೆದೇ ಮಾಡುತ್ತೇನೆ ಅಂದರು. ಆ ದವಾಖಾನೆಯಲ್ಲಿ ರೋಬೋಟ್ ಇತ್ತು! ಆದರೂ ಬೇಡ ಅಂದರು. ನನಗೆ ಸಿಟ್ಟು. ಹಳೇ ಕಾಲದ ಡಾಕ್ಟರು ಅಂತ ಮನೆಗೆ ಬಂದು ಬೈದೆ.

ಹೊಟ್ಟೆ ಮೇಲೆ ಗೇಣುದ್ದ ಗಾಯ. ಆರು ವಾರ ಕಷ್ಟಪಟ್ಟಳು. ಈಗ ಆರಾಮಿದ್ದಾಳೆ, ಹೋದ ದಸರೆಗೆ ಮನೆ ತುಂಬ ಹೋಳಿಗೆ ಮಾಡಿದಳು. ಆ ಡಾಕ್ಟರಮ್ಮ ಯಾಕೆ ಹಾಗೆ ಅಂದರು ಅಂತ ಇವತ್ತು ಗೊತ್ತಾಯಿತು. ಅವರ ನಂಬರ್ ಹುಡುಕುತ್ತಿದ್ದೇನೆ.

ಪಾಲಿಸಿಕಾಕಾ

ನಾನು ವಿಮೆ ಮಾಡಿಸುವವನು, ಆದರೆ ಇಲ್ಲಿ ಮಾರೋಕೆ ಬಂದಿಲ್ಲ.

ಮಲ್ಲು, ಅವ್ವನ ಹೆಸರಲ್ಲಿ ಪಾಲಿಸಿ ಇದ್ದರೆ ಕಾಗದ ತೆಗೆದು ಓದು. 2019ರಲ್ಲಿ ವಿಮಾ ನಿಯಂತ್ರಣ ಪ್ರಾಧಿಕಾರ 12 ಹೊಸ ಚಿಕಿತ್ಸೆಗಳ ಪಟ್ಟಿ ಮಾಡಿ, ಇವನ್ನು ಪಾಲಿಸಿಯಿಂದ ಹೊರಗಿಡಬಾರದು ಅಂತು. ರೋಬೋಟ್ ಸರ್ಜರಿ ಅದರಲ್ಲಿದೆ. ಮಂದಿ ಇಷ್ಟು ಕೇಳಿ ಖುಷಿಯಾಗುತ್ತಾರೆ. ಮುಂದಿನ ಸಾಲು ಓದಲ್ಲ. ಕಂಪನಿ ಅದಕ್ಕೆ ಮಿತಿ ಹಾಕಬಹುದು ಅಂತಲೂ ಇದೆ. ಐದು ಲಕ್ಷದ ಪಾಲಿಸಿ ಇದ್ದರೂ ರೋಬೋಟ್‌ಗೆ ಇಷ್ಟೇ ಅಂತ ಒಳಗೆ ಸಣ್ಣ ಅಕ್ಷರದಲ್ಲಿ ಇರುತ್ತೆ. ನನ್ನ ಗಿರಾಕಿಯೊಬ್ಬರು ಡಿಸ್ಚಾರ್ಜ್ ದಿನ ಕೌಂಟರ್ ಮುಂದೆ ನಿಂತು ಅಳಿಯನಿಗೆ ಫೋನ್ ಹಚ್ಚಿ ದುಡ್ಡು ತರಿಸಿದ್ದನ್ನು ನೋಡಿದ್ದೇನೆ. ಮುಂಚೆಯೇ ಕೇಳಿಕೊಳ್ಳಬೇಕು.

ಇನ್ನೊಂದು ಮಾತು. ಕೃತಕ ಚಿಪ್ಪಿನ ಬೆಲೆಗೆ 2017ರ ಆಗಸ್ಟ್‌ನಲ್ಲಿ ಸರ್ಕಾರ ಲಗಾಮು ಹಾಕಿತು. ಕೋಬಾಲ್ಟ್ ಕ್ರೋಮಿಯಂ ಮಾಮೂಲಿ ಚಿಪ್ಪಿಗೆ ಆಗ 54,720 ರೂಪಾಯಿ, ಜಿಎಸ್‌ಟಿ ಬೇರೆ. ಅದಕ್ಕೆ ಮುಂಚೆ ಲಕ್ಷಗಟ್ಟಲೆ ಹಾಕುತ್ತಿದ್ದರು. ಲಗಾಮು ಬಿದ್ದದ್ದು ಚಿಪ್ಪಿಗೆ, ರೋಬೋಟ್ ಚಾರ್ಜಿಗೆ ಅಲ್ಲ. ಇಷ್ಟು ಹೇಳಿದರೆ ಸಾಕು, ಉಳಿದದ್ದು ನೀನೇ ತಿಳಿ. ಬಿಲ್‌ನಲ್ಲಿ ಚಿಪ್ಪಿನ ಕಂಪನಿ ಹೆಸರು, ಬ್ಯಾಚ್ ನಂಬರ್ ಬೇರೆ ಸಾಲಿನಲ್ಲಿ ಬರೆಸಿಕೋ.

ಯಾದಗಿರಿ_ಮೇಷ್ಟ್ರು

ನೀವೆಲ್ಲ ಹೈದರಾಬಾದು, ಸೊಲ್ಲಾಪುರದ ಮಾತಾಡುತ್ತಿದ್ದೀರಿ. ನಮ್ಮ ಯಾದಗಿರಿಯವರು ಏನು ಮಾಡಬೇಕು? ನನಗೆ ಬೇರೆಯೇ ಆಸೆ. 2025ರ ಜನವರಿಯಲ್ಲಿ ಗುರುಗ್ರಾಮದಲ್ಲಿ ಕುಳಿತು ಜೈಪುರದ ರೋಗಿಗೆ ಹೃದಯದ ಆಪರೇಶನ್ ಮಾಡಿದರು ಅಂತ ಓದಿದೆ. ಹಾಗಾದರೆ ಬೆಂಗಳೂರಿನ ಡಾಕ್ಟರು ಅಲ್ಲೇ ಕುಳಿತು ಸುರಪುರದ ರೋಗಿಗೆ ಯಾಕೆ ಮಾಡಬಾರದು? ರೋಗಿ ರಾತ್ರಿ ರೈಲಿನಲ್ಲಿ ನರಳುತ್ತಾ ಹೋಗೋದು ತಪ್ಪುತ್ತಲ್ವಾ?

ವೈರ್‌ಬಿಚ್ಚುವವ

ಮೇಷ್ಟ್ರೆ, ಅದಕ್ಕಿಂತ ದೂರದ್ದು 2001ರಲ್ಲೇ ಆಗಿದೆ. ಸೆಪ್ಟೆಂಬರ್ 7ರಂದು ಮಾರೆಸ್ಕೋ ಅನ್ನುವ ಸರ್ಜನ್ ನ್ಯೂಯಾರ್ಕ್‌ನಲ್ಲಿ ಕುಳಿತು ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿದ್ದ ಹೆಂಗಸಿನ ಪಿತ್ತಕೋಶ ತೆಗೆದರು. ಕೈ ಅಲ್ಲಾಡಿದ್ದಕ್ಕೂ ಚಿತ್ರ ಕಂಡದ್ದಕ್ಕೂ ನಡುವೆ ಸೆಕೆಂಡಿನ ಆರನೇ ಒಂದು ಭಾಗದಷ್ಟು ತಡ. ಅದಕ್ಕಾಗಿಯೇ ಬೇರೆ ಲೈನ್ ಎಳೆಸಿದ್ದರು. ತಂತ್ರ ಬಂದು ಇಷ್ಟು ವರ್ಷ ಆಯಿತು. ಆದರೂ ಊರೂರಿಗೆ ಬಂದಿಲ್ಲ ಅಂದ್ರೆ ಕಾರಣ ಮಷೀನಲ್ಲ.

ನಮ್ಮ ಕಡೆ ಮೇ ತಿಂಗಳಲ್ಲಿ ಕರೆಂಟಿನ ಗತಿ ನಿಮಗೇ ಗೊತ್ತು. ಮಷೀನಿಗೆ ಬ್ಯಾಟರಿ ಇರುತ್ತೆ ಬಿಡಿ. ನೆಟ್ ಹೋದರೆ?

ಓಟಿ_ಸಿಸ್ಟರ್

ನೆಟ್ ಹೋದರೆ ಅಲ್ಲೇ ಇರುವ ಇನ್ನೊಬ್ಬ ಸರ್ಜನ್ ಕೈ ತೊಳೆದು ಹೊಟ್ಟೆ ತೆರೆದು ಮುಗಿಸಬೇಕು. ಅದನ್ನೇ ಹೇಳೋಕೆ ಬಂದೆ. ಡಾಕ್ಟರು ಎಲ್ಲೇ ಕೂತಿರಲಿ, ರೋಗಿ ಪಕ್ಕದಲ್ಲಿ ಅರಿವಳಿಕೆ ಡಾಕ್ಟರು, ಉಪಕರಣ ಬದಲಿಸುವವರು, ಎಣಿಸಿ ಕೊಡುವ ಸಿಸ್ಟರ್, ಬೇಕಾದರೆ ಕೊಯ್ಯಬಲ್ಲ ಸರ್ಜನ್ ಇರಲೇಬೇಕು. ಅಷ್ಟು ಮಂದಿ ಸುರಪುರದಲ್ಲಿ ಇದ್ದರೆ ಮೇಷ್ಟ್ರೆ, ಅರ್ಧಕ್ಕೆ ಅರ್ಧ ರೋಗಿಗಳು ರೋಬೋಟ್ ಇಲ್ಲದೆಯೇ ಅಲ್ಲೇ ಗುಣವಾಗುತ್ತಾರೆ.

ಒಂದು ರೋಬೋಟ್ ಕೇಸಿಗೆ ತೋಳುಗಳಿಗೆ ಪ್ಲಾಸ್ಟಿಕ್ ಹೊದಿಕೆ ಹಾಕೋದೇ ಒಂದು ವಿದ್ಯೆ. ಹೊದಿಕೆ ಎಲ್ಲಾದರೂ ಕ್ರಿಮಿಶುದ್ಧವಲ್ಲದ ಜಾಗಕ್ಕೆ ತಾಗಿತೋ, ತೆಗೆದು ಹೊಸದು ಹಾಕಬೇಕು. ಹೊಸದರಲ್ಲಿ ನಮಗೆ ಮುಕ್ಕಾಲು ಗಂಟೆ ಹಿಡಿಯುತ್ತಿತ್ತು. ಕೈ ಕೂತ ಮೇಲೆ ಹದಿನೈದು ನಿಮಿಷ. ಮಷೀನ್ ಕೊಂಡರೆ ಈ ಕೈಗಳು ಜೊತೆಗೆ ಬರಲ್ಲ.

ಶಹಾಬಾದ್_ಕಲ್ಲು

ಈಗ ನಾನೂ ಎರಡು ಮಾತು ಆಡುತ್ತೇನೆ. 2020ರ ಮಾರ್ಚ್‌ನಲ್ಲಿ ದೇಶದ ಮೊದಲ ಕೊರೋನಾ ಸಾವು ನಮ್ಮ ಕಲಬುರಗಿಯದು. ಆಗ ಬೆಂಗಳೂರಿನ ದವಾಖಾನೆಯೊಂದರ ಬಾಗಿಲಲ್ಲಿ ಮಿತ್ರ ಅನ್ನೋ ರೋಬೋಟ್ ನಿಂತು ಬಂದವರ ಜ್ವರ ಅಳೆಯುವುದನ್ನು ಟಿವಿಯಲ್ಲಿ ತೋರಿಸುತ್ತಿದ್ದರು. ಇಲ್ಲಿ ನಮ್ಮ ಓಣಿಗೆ ಜ್ವರ ಅಳೆಯೋಕೆ ಬಂದಿದ್ದು ಆಶಾ ಅಕ್ಕ. ಬಿಸಿಲಿಗೆ ತಲೆ ಮೇಲೆ ಒದ್ದೆ ಟವೆಲ್ ಹಾಕಿಕೊಂಡು. ಅವರ ಸಂಬಳದ ಗಲಾಟೆ ಇನ್ನೂ ಮುಗಿದಿಲ್ಲ.

ರೋಬೋಟ್ ಬೇಡ ಅನ್ನಲ್ಲ. ನಮ್ಮ ಭಾಗಕ್ಕೆ ವಿಶೇಷ ಸ್ಥಾನ ಕೊಟ್ಟ ಸಂವಿಧಾನದ 371ಜೆ ವಿಧಿಯ ನೆನಪಿಗೆ ಅಂತ 371 ಹಾಸಿಗೆಯ ಜಯದೇವ ಹೃದಯದ ದವಾಖಾನೆ 2024ರ ಡಿಸೆಂಬರ್‌ನಲ್ಲಿ ಇಲ್ಲಿ ಶುರುವಾಯಿತಲ್ಲ, ಹೃದಯದ ರೋಗಿ ಬೆಂಗಳೂರಿಗೆ ಓಡೋದು ಕಮ್ಮಿಯಾಯಿತು. ನನ್ನ ಮಾವನಿಗೆ ಸ್ಟೆಂಟ್ ಇಲ್ಲೇ ಆಯಿತು, ಮಧ್ಯಾಹ್ನ ಮನೆಯಿಂದ ಸಾರು ತೆಗೆದುಕೊಂಡು ಹೋದೆವು. ನನಗೆ ಇದು ಬೇಕು, ಮೊದಲು ಇದು.

ಫಿಸಿಯೋ_ಕಲಬುರಗಿ

ಮೂರು ದಿನದಿಂದ ಓದುತ್ತಿದ್ದೇನೆ, ಯಾರೂ ಆಪರೇಶನ್ ಆದ ಮೇಲಿನ ಮಾತೇ ಎತ್ತಿಲ್ಲ. ಮೊಣಕಾಲಿನಲ್ಲಿ ಅರ್ಧ ಕೆಲಸ ಇರೋದೇ ಆಮೇಲೆ.

ನನ್ನ ಹತ್ತಿರ ಬರುವ ರೋಗಿಗಳ ಕಥೆ ಹೇಳುತ್ತೇನೆ. ದೊಡ್ಡ ಊರಲ್ಲಿ ಮಾಡಿಸಿಕೊಂಡು ನಾಲ್ಕನೇ ದಿನಕ್ಕೆ ಕಾರಿನಲ್ಲಿ ಮಲಗಿಕೊಂಡು ಬರುತ್ತಾರೆ. ಕೈಯಲ್ಲಿ ಇಂಗ್ಲಿಷಿನಲ್ಲಿ ಅಚ್ಚು ಹಾಕಿದ ವ್ಯಾಯಾಮದ ಹಾಳೆ. ಮನೆಯವರು ಪ್ರೀತಿಯಿಂದ ಮೊಣಕಾಲ ಕೆಳಗೆ ದಿಂಬು ಇಟ್ಟು ಮಲಗಿಸುತ್ತಾರೆ. ಅದೇ ದೊಡ್ಡ ತಪ್ಪು. ಕಾಲು ಹಾಗೇ ಬಗ್ಗಿ ಕೂರುತ್ತೆ, ಆಮೇಲೆ ನೆಟ್ಟಗಾಗಲ್ಲ. ದಿಂಬು ಇಡುವುದಿದ್ದರೆ ಹಿಮ್ಮಡಿ ಕೆಳಗೆ. ಒಂದು ತಿಂಗಳು ಬಿಟ್ಟು ನನ್ನ ಹತ್ತಿರ ಬಂದಾಗ 60 ಡಿಗ್ರಿ ಕೂಡ ಬಗ್ಗಿರಲ್ಲ. ಕುರ್ಚಿಯಿಂದ ಸರಾಗ ಏಳೋಕೆ 90ಕ್ಕಿಂತ ಜಾಸ್ತಿ ಬೇಕು. ಅವರಲ್ಲಿ ಇಬ್ಬರು ರೋಬೋಟ್‌ನಿಂದ ಮಾಡಿಸಿಕೊಂಡವರು. ಅರ್ಧ ಡಿಗ್ರಿ ತಪ್ಪದಂತೆ ಕತ್ತರಿಸಿದ ಮೂಳೆಯನ್ನು ದಿಂಬು ಕೆಡಿಸಿತು.

ಮಲ್ಲು, ಇದಿಷ್ಟು ಮರೆಯಬೇಡಿ. ಮೀನಖಂಡ ಒಮ್ಮೆಲೇ ಊದಿ ನೋವು ಬಂದರೆ, ಉಸಿರು ಕಟ್ಟಿದಂತಾದರೆ, ಗಾಯ ಸೋರಿದರೆ, ಜ್ವರ ಬಂದರೆ ತಕ್ಷಣ ಡಾಕ್ಟರಿಗೆ ತೋರಿಸಬೇಕು. ನಾಳೆ ನೋಡೋಣ ಅನ್ನುವ ಮಾತಿಲ್ಲ. ಡಾಕ್ಟರು 220 ಕಿಲೋಮೀಟರ್ ದೂರ ಇದ್ದರೆ ಏನು ಮಾಡುತ್ತೀರಿ, ಅದನ್ನು ಈಗಲೇ ಯೋಚಿಸಿ.

ನನ್ನ ಕೆಲಸಕ್ಕೂ ರೋಬೋಟ್ ಬಂದಿದೆ, ಗೊತ್ತಾ? ಲಕ್ವ ಹೊಡೆದವರಿಗೆ, ಬೆನ್ನುಹುರಿ ಪೆಟ್ಟಾದವರಿಗೆ ಕಾಲಿಗೆ ಕಟ್ಟಿ ನಡೆಸುವ ಯಂತ್ರ. ಮ್ಯಾನ್‌ಹೋಲ್ ಶುಚಿ ಮಾಡುವ ಬ್ಯಾಂಡಿಕೂಟ್ ಮಾಡಿದರಲ್ಲ ಕೇರಳದವರು, ಜೆನ್‌ರೋಬೋಟಿಕ್ಸ್, ಅವರೇ ಜಿ ಗೈಟರ್ ಅಂತ ಅಂಥದ್ದೊಂದು ಮಾಡಿದ್ದಾರೆ. ಲಕ್ವ ಹೊಡೆದ ರೋಗಿಯನ್ನು ಇಬ್ಬರು ಹಿಡಿದು ಇಪ್ಪತ್ತು ಹೆಜ್ಜೆ ಹಾಕಿಸೋದರಲ್ಲಿ ನನ್ನ ಬೆನ್ನು ಹೋಗುತ್ತೆ. ಅದು ನೂರಾರು ಹೆಜ್ಜೆ ಬೇಸರವಿಲ್ಲದೆ ಹಾಕಿಸುತ್ತೆ. ಕಲಬುರಗಿಗೆ ಒಂದೇ ಒಂದು ರೋಬೋಟ್ ಕೊಡುತ್ತೇವೆ ಅಂದ್ರೆ ನಾನು ಇದನ್ನೇ ಕೇಳುತ್ತೇನೆ. ಸ್ವಾರ್ಥ ಅಂದುಕೊಳ್ಳಿ.

ಸೇಡಂರಸ್ತೆ_ಮಲ್ಲು (ಹನ್ನೆರಡು ದಿನದ ಮೇಲೆ)

ಎಲ್ಲರಿಗೂ ಶರಣು. ಎಲ್ಲ ಓದಿದೆ. ಅವ್ವನಿಗೂ ಓದಿ ಹೇಳಿದೆ. ಬೀದರಿನ ಅಪ್ಪಾಜಿಯ ಪ್ರಶ್ನೆ ಅವಳಿಗೆ ಬಹಳ ಹಿಡಿಸಿತು.

ಹೈದರಾಬಾದಿಗೆ ಫೋನ್ ಮಾಡಿ, ಆಪರೇಶನ್ ಮಾಡೋದು ಅವತ್ತು ನೋಡಿದ ಡಾಕ್ಟರೇನಾ, ಅವರು ಈ ಮಷೀನಿನಲ್ಲಿ ಎಷ್ಟು ಮಾಡಿದ್ದಾರೆ ಅಂತ ಕೇಳಿದೆ. ಟೈ ಹುಡುಗ ಕೇಳಿ ಹೇಳುತ್ತೇನೆ ಅಂದ. ಇನ್ನೂ ಕೇಳುತ್ತಿದ್ದಾನೆ.

ಆಮೇಲೆ ಕಲಬುರಗಿಯಲ್ಲೇ ಒಬ್ಬ ಡಾಕ್ಟರಿಗೆ ತೋರಿಸಿದೆವು. ಹದಿನೆಂಟು ವರ್ಷದಿಂದ ಇದೇ ಕೆಲಸ. ರೋಬೋಟ್ ಬಗ್ಗೆ ನಾನೇ ಕೇಳಿದೆ. ಅವರು ಬೈಯಲಿಲ್ಲ. ಅದನ್ನು ಕಲಿತು ಬಂದಿದ್ದೇನೆ, ಕಾಲು ಬಹಳ ಸೊಟ್ಟಗಿದ್ದರೆ, ಹಳೇ ಮುರಿತ ಇದ್ದು ಒಳಗೆ ರಾಡ್ ಇದ್ದರೆ ಅದು ಉಪಯೋಗಕ್ಕೆ ಬರುತ್ತೆ, ಅಂಥವರನ್ನು ನಾನೇ ಕಳಿಸುತ್ತೇನೆ ಅಂದರು. ಅವ್ವನ ಎಕ್ಸ್‌ರೇ ಬೆಳಕಿಗೆ ಹಿಡಿದು, ಇದಕ್ಕೆ ಬೇಕಿಲ್ಲ, ಕೈಯಲ್ಲೇ ಮಾಡುತ್ತೇನೆ ಅಂದರು. ಅವ್ವ ಬಿಡಲಿಲ್ಲ, ಆ ಮಷೀನ್ ಏನು ಮಾಡ್ತದ ಹೇಳ್ರಿ ಅಂತ ಕೂತಳು. ಅವರು ಕಾಗದದ ಮೇಲೆ ಮೂಳೆ ಬರೆದು, ಅದು ಗೆರೆ ತೋರಿಸುತ್ತೆ, ದಾಟಿದರೆ ತಡೆಯುತ್ತೆ, ಕೊಯ್ಯೋದು ನಾನೇ ಅಂತ ಹೇಳಿದರು.

"ಅಷ್ಟೇನು? ಬಡಿಗೇರ ಸುಣ್ಣದ ದಾರ ಹೊಡದು ಗರಗಸ ಹಿಡದಂಗ," ಅಂದಳು ಅವ್ವ. ಡಾಕ್ಟರು ಪೆನ್ನು ಕೆಳಗಿಟ್ಟು ನಕ್ಕರು.

ಮೊದಲು ಬಲಗಾಲು. ಶರಣಬಸವೇಶ್ವರ ಜಾತ್ರೆ ಮುಗಿದ ಮೇಲೆ ಅಂತ ತಾರೀಖು ಹಿಡಿದಿದ್ದೇವೆ. ತೇರು ಎಳೆಯೋದು ನೋಡದೆ ಅವಳು ಯಾವ ಟೇಬಲ್ ಮೇಲೂ ಮಲಗಲ್ಲ. ನೆಲದ ಮೇಲೆ ಕೂರೋದು ಆಮೇಲೂ ಬೇಡ ಅಂದಿದ್ದಾರೆ ಡಾಕ್ಟರು. ಅದಕ್ಕೆ ಮುಖ ಸಣ್ಣ ಮಾಡಿಕೊಂಡಳು. ಅಡುಗೆಮನೆ ಕಟ್ಟೆ ಒಡೆಸಿ ಎತ್ತರ ಸರಿ ಮಾಡಿಸುತ್ತೇನೆ ಅಂತ ಮಾತು ಕೊಟ್ಟಿದ್ದೇನೆ. ಗೌಂಡಿ ನಾಳೆ ಬರುತ್ತಾನೆ. ಫಿಸಿಯೋ ಮೇಡಂ, ನಿಂತು ರೊಟ್ಟಿ ಬಡಿಯೋಕೆ ಕಟ್ಟೆ ಎಷ್ಟು ಎತ್ತರ ಇರಬೇಕು?

ಫಿಸಿಯೋ_ಕಲಬುರಗಿ

ಮೇಡಂ ಅಲ್ಲ, ಸರ್ 😄. ಅಳತೆ ಪುಸ್ತಕದಿಂದ ಬೇಡ. ಅವ್ವನನ್ನು ಚಪ್ಪಲಿ ಹಾಕಿಸಿ ನೆಟ್ಟಗೆ ನಿಲ್ಲಿಸಿ, ಮೊಣಕೈ ಮಡಚಿಸಿ, ನೆಲದಿಂದ ಮೊಣಕೈವರೆಗೆ ಅಳೆಯಿರಿ. ಅದಕ್ಕಿಂತ ಒಂದು ಗೇಣು ಕಮ್ಮಿ. ಬಡಿಯುವ ಕೆಲಸಕ್ಕೆ ಕಟ್ಟೆ ತಗ್ಗೇ ಇರಬೇಕು, ಭುಜ ಎತ್ತಿ ಬಡಿದರೆ ಅಂಚು ಹರಿಯುತ್ತೆ. ಮೊದಲು ಒಂದು ಹಲಗೆ ಇಟ್ಟು ಎರಡು ರೊಟ್ಟಿ ಬಡಿಸಿ ನೋಡಿ, ಆಮೇಲೆ ಗೌಂಡಿಗೆ ಸಿಮೆಂಟ್ ಕಲೆಸೋಕೆ ಹೇಳಿ.

ಹುಮನಾಬಾದ್_ಅಕ್ಕ

ಡಾಕ್ಟರಮ್ಮನ ನಂಬರ್ ಸಿಕ್ಕಿತು. ಈಗ ಹಚ್ಚುತ್ತೇನೆ.